ಬುಧವಾರದ ಹುಳುಗಳು

ಮಧ್ಯಾಹ್ನ ಎರಡು ಗಂಟೆಗೆ ಆ ಕೋಣೆಯೊಳಗೆ ನಡುರಾತ್ರಿಯಾಗಿತ್ತು.

"ಬಾಗಿಲು ಹಾಕ್ಕೊಂಡು ಬನ್ನಿ ಸಾರ್. ಬೆಳಕು ಬಿದ್ರೆ ಇವು ಗಾಬರಿಯಾಗ್ತವೆ," ಅಂದಳು ಹುಡುಗಿ, ಕತ್ತಲೆಯ ಯಾವುದೋ ಮೂಲೆಯಿಂದ.

ಹಾಕಿಕೊಂಡೆ. ಕಾರಿಡಾರಿನ ಬಿಸಿಲು ಹೊರಗೇ ಉಳಿಯಿತು. ಒಳಗೆ ಒಂದೇ ಒಂದು ಕೆಂಪು ಬಲ್ಬು, ಅದೂ ಅರೆನಿದ್ದೆಯಲ್ಲಿತ್ತು. ಪತಂಗಗಳಿಗೆ ಕೆಂಪು ಬೆಳಕು ಕಾಣುವುದಿಲ್ಲವಂತೆ. ರಾತ್ರಿ ಹಾರಾಡುವ ಜೀವಗಳನ್ನು ನೋಡಲು ಮನುಷ್ಯರು ನಿದ್ದೆಗೆಡಬೇಕಲ್ಲ ಎಂದು, ಈ ಸಂಶೋಧನಾಲಯದವರು ಹಗಲು ರಾತ್ರಿಗಳನ್ನೇ ಅದಲುಬದಲು ಮಾಡಿಬಿಟ್ಟಿದ್ದರು. ರಾತ್ರಿಯಿಡೀ ಬಿಳಿ ದೀಪ, ಹಗಲಿಡೀ ಕತ್ತಲು. ಸೋಮಾರಿಗಳಿಗೆ ಇಷ್ಟೊಂದು ಬುದ್ಧಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಬಲೆಯ ಪಂಜರಗಳಲ್ಲಿ ಪತಂಗಗಳು ಸುಳಿದಾಡುತ್ತಿದ್ದವು. ಆ ಸದ್ದಿನ ಕೆಳಗೆ ಇನ್ನೊಂದು ಸದ್ದು, ಸಾವಿರಾರು ಹುಳುಗಳು ಕೋಸಿನ ಎಲೆ ಮೆಲ್ಲುವುದು. ದೂರದಲ್ಲಿ ಯಾರೋ ಬಿಡುವಾಗಿ ಕಾಗದ ಮಡಿಸುತ್ತ ಕೂತ ಹಾಗಿತ್ತು. ಅಲ್ಲೇ ಗೋಡೆಗೊರಗಿ ಒಂದು ನಿದ್ದೆ ತೆಗೆಯೋಣ ಅನ್ನಿಸಿತು.

ಅಕ್ಕನ ಮನೆಗೆ ಬಂದು ಮೂರು ವಾರ, ಮೂರು ವಾರದಿಂದಲೂ ಇದೇ ಕಥೆ. ಕೂತಲ್ಲಿ ಜೊಂಪು, ನಿಂತಲ್ಲಿ ಬೆವರು. ಬೀದಿ, ಮರ, ಜನ ಎಲ್ಲವೂ ಒಂದು ತೆಳ್ಳನೆಯ ಪರದೆಯ ಆಚೆ ನಡೆಯುತ್ತಿರುವಂತೆ. ಐವತ್ತೆರಡು ತುಂಬಿತು, ಅಕ್ಕನ ಕೈಯಡುಗೆ ಮೈಗೆ ಹತ್ತಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಆ ಜೊಂಪು ನನಗೆ ಹಿತವಾಗಿಯೂ ಇತ್ತು.

ಇಂಥ ಹೊತ್ತಲ್ಲಿ ಜೊಂಪು ಹತ್ತುವುದು ತಪ್ಪು ಎಂದು ಗೊತ್ತಿತ್ತು. ನನ್ನ ಭಾವ, ಅಂದರೆ ಈ ಪ್ರಯೋಗಾಲಯದ ಮೇಷ್ಟ್ರು, ಹೊಟ್ಟೆಗೆ ಕೀಟನಾಶಕ ಸೇರಿ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿ ಇವತ್ತಿಗೆ ಒಂಬತ್ತು ದಿನ. ನಾಲ್ಕು ಗಂಟೆಗೆ ಇನ್‌ಸ್ಪೆಕ್ಟರ್ ಬಂದು, ವಿಷ ಹಾಕಿದವಳು ಇವಳೇ ಎಂದು ಈ ಹುಡುಗಿಯನ್ನು ಕರೆದುಕೊಂಡು ಹೋಗುವವರಿದ್ದರು. ಅವಳನ್ನು ಉಳಿಸಲೇಬೇಕೆಂದೇನೂ ನಾನು ಬಂದಿರಲಿಲ್ಲ. ಯಾರೇ ಆಗಿರಲಿ, ಹಿಡಿದುಕೊಡುತ್ತೇನೆ ಎಂದು ಅಕ್ಕನಿಗೆ ಮಾತು ಕೊಟ್ಟಿದ್ದೆ. ಆದರೆ ತಪ್ಪು ಮನುಷ್ಯರನ್ನು ಹಿಡಿದುಕೊಟ್ಟರೆ ಮಾತು ಕೊಟ್ಟೂ ಕೊಡದ ಹಾಗೆ. ಅದಕ್ಕೇ ಈ ಎರಡು ಗಂಟೆ.

ಸಂಸ್ಥೆಯಲ್ಲಿ ಎಲ್ಲರೂ ಅವಳನ್ನು ಹುಳದಮ್ಮ ಎನ್ನುತ್ತಿದ್ದರು, ಅದೂ ಮುಖದೆದುರೇ. ಅವಳೂ ಓಗೊಡುತ್ತಿದ್ದಳು. ಭಾವನ ಕೈಕೆಳಗೆ ನಾಲ್ಕು ವರ್ಷದಿಂದ ಸಂಶೋಧನೆ ಮಾಡುತ್ತಿದ್ದವಳು.

"ನಿನ್ನ ಮೇಲಿರೋದೆಲ್ಲ ಒಂದ್ಸಲ ಹೇಳಿಬಿಡ್ತೀನಿ, ಕೇಳು," ಅಂದೆ ಗೋಡೆ ಸವರಿಕೊಂಡು ಮುಂದೆ ಹೋಗುತ್ತ. "ಕೀಟನಾಶಕದ ಬೀರುವಿನ ಕೀಲಿ ನಿನ್ನ ಹತ್ರ. ಒಳಗಿರೋ ಸೀಸೆಯಲ್ಲಿ ಅರ್ಧ ಖಾಲಿ. ನಿನ್ನ ಪ್ರಬಂಧಕ್ಕೆ ಮೇಷ್ಟ್ರು ನಾಲ್ಕು ಸಲ ಸಹಿ ಹಾಕ್ಲಿಲ್ಲ. ಅವರು ಬುಧವಾರ ಮೂರು ಗಂಟೆಗೆ ಬಿದ್ದರು. ಗುರುವಾರ ಬೆಳಿಗ್ಗೆ ಏಳಕ್ಕೇ ನೀನು ಬಂದು ಹುಳ ಅರೀತಾ ಕೂತಿದ್ದೆ. ಹೃದಯ ಇರೋರು ಮಾಡೋ ಕೆಲ್ಸಾನಾ ಅದು?"

"ಹುಳ ಕಾಯಲ್ಲ ಸಾರ್. ಒಂದು ದಿನ ತಡ ಆದ್ರೆ ಪೊರೆ ಬಿಟ್ಟು ಮುಂದಿನ ಹಂತಕ್ಕೆ ಹೋಗ್ಬಿಡ್ತವೆ. ಆಮೇಲೆ ಅಳೆದ್ರೆ ಪ್ರಯೋಜನ ಇಲ್ಲ." ಕತ್ತಲೆಯಲ್ಲಿ ಒಂದು ಟ್ರೇ ಸರಿಸಿದ ಸದ್ದಾಯಿತು. "ಅಳ್ತಾನೇ ಅರೆದೆ."

ಅವಳ ಮುಖ ಕಾಣುತ್ತಿರಲಿಲ್ಲ. ನನಗೆ ಇನ್ನೂ ಏನೂ ಕಾಣುತ್ತಿರಲಿಲ್ಲ. ಮೊಣಕಾಲಿಗೆ ಒಂದು ಸ್ಟೂಲು ಬಡಿಯಿತು, ಮೊಣಕೈಗೆ ಒಂದು ಪಂಜರ. ಒಳಗಿನ ಪತಂಗಗಳು ಒಟ್ಟಿಗೇ ಎದ್ದು ಮತ್ತೆ ಕೂತವು.

"ಸರಿ, ನನ್ನಂಥ ದಡ್ಡನಿಗೆ ಅರ್ಥ ಆಗೋ ಹಾಗೆ ಹೇಳು. ಇಲ್ಲಿ ನೀನು ಮಾಡೋದೇನು?"

"ಎಲೇನ ಬೆಳ್ಳಿ ನೀರಲ್ಲಿ ಅದ್ದಿ ಹುಳಕ್ಕೆ ತಿನ್ನಿಸ್ತೀನಿ."

"ಲೋಟ ಮಾಡ್ತಾರಲ್ಲ, ಆ ಬೆಳ್ಳಿನಾ?"

"ಅದೇ ಬೆಳ್ಳಿ, ಆದ್ರೆ ನ್ಯಾನೋ ಕಣ. ಒಂದು ಕೂದಲಿನ ದಪ್ಪದಲ್ಲಿ ಸಾವಿರಾರು ಕಣ ಸಾಲಾಗಿ ನಿಲ್ಲಬಹುದು. ಅಷ್ಟು ಚಿಕ್ಕದಾದ್ರೆ ಬೆಳ್ಳಿಗೆ ಬೇರೆ ಬುದ್ಧಿ ಬಂದ್ಬಿಡುತ್ತೆ. ಹುಳದ ಹೊಟ್ಟೆಯಿಂದ ಒಳಗೆ ನುಗ್ಗಿ ಅಲ್ಲಿರೋ ಕಿಣ್ವಗಳ ಕೆಲಸಕ್ಕೆ ಅಡ್ಡ ಬರುತ್ತೆ."

ಕಿಣ್ವಗಳೆಂದರೆ ಒಡಲೊಳಗಿನ ಕೆಲಸಗಾರರು ಎಂದು ಅವಳು ಬಿಡಿಸಿ ಹೇಳಿದಳು. ಒಂದು ಎಲೆ ಅರಗಿಸುತ್ತದೆ, ಇನ್ನೊಂದು ವಿಷ ಮುರಿಯುತ್ತದೆ. ಅವಳು ಅಳೆಯುತ್ತಿದ್ದದ್ದು ಬೇರೊಂದನ್ನು. ನರ ನರಕ್ಕೆ ಕಳಿಸಿದ ಸುದ್ದಿಯನ್ನು ತಕ್ಷಣ ಒರೆಸಿಹಾಕುವ ಕಿಣ್ವವದು, ಸ್ಲೇಟು ಒರೆಸುವ ಬಟ್ಟೆಯ ಹಾಗೆ. ಅದು ಕೈಕೊಟ್ಟರೆ ಬರೆದದ್ದರ ಮೇಲೆ ಬರೆದು ಬರೆದು ಸ್ಲೇಟು ಗೀಚುಗೀಚಾಗುತ್ತದೆ. ಹುಳು ಮಂಕಾಗುತ್ತದೆ, ನಡುಗುತ್ತದೆ, ಸಾಯುತ್ತದೆ.

"ಕೀಟನಾಶಕ ಆ ಬಟ್ಟೇನೇ ಕಿತ್ಕೊಂಡುಬಿಡುತ್ತೆ. ಬೆಳ್ಳಿ ಅಷ್ಟು ಕಟುಕ ಅಲ್ಲ, ಬಟ್ಟೇನ ಸವೆಸುತ್ತೆ. ಬೆಳ್ಳಿ ಹೆಚ್ಚಾದಷ್ಟೂ ಕಿಣ್ವ ಕಮ್ಮಿ ಕೆಲಸ ಮಾಡುತ್ತೆ. ನನ್ನ ನಾಲ್ಕು ವರ್ಷ ಅಂದ್ರೆ ಇಷ್ಟೇ ಸಾರ್."

"ಮನುಷ್ಯರಿಗೂ ಇರೋದು ಅದೇ ಕಿಣ್ವಾನಾ?"

"ಅದೇ. ಆ ವಿಷಯದಲ್ಲಿ ಹುಳಕ್ಕೂ ನಮಗೂ ಭೇದ ಇಲ್ಲ."

ಅವಳು ನನ್ನ ತೋಳು ಹಿಡಿದು ಒಂದು ಹಲಗೆಯ ಹತ್ತಿರ ನಿಲ್ಲಿಸಿದಳು. ನಾಲ್ಕು ಟ್ರೇ. ಮೂರಕ್ಕೆ ಬೆಳ್ಳಿ, ಕಡಿಮೆ, ಮಧ್ಯಮ, ಹೆಚ್ಚು. ನಾಲ್ಕನೆಯದಕ್ಕೆ ಬರೀ ನೀರಿನಲ್ಲಿ ಅದ್ದಿದ ಎಲೆ. ಅದಕ್ಕೆ ಅವರ ಭಾಷೆಯಲ್ಲಿ ಕಂಟ್ರೋಲ್.

"ಏನೂ ಆಗದೆ ಇರೋ ಹುಳ ಹೇಗಿರುತ್ತೆ ಅಂತ ತಿಳೀದೆ, ಉಳಿದದ್ದಕ್ಕೆ ಏನಾಯ್ತು ಅಂತ ಹೇಗೆ ಹೇಳೋದು?" ಅಂದಳು.

ಇದು ನನ್ನ ಕಸುಬಿಗೂ ಬೇಕಾದ ಮಾತು. ಇಪ್ಪತ್ತೆರಡು ವರ್ಷ ಪತ್ತೇದಾರಿಕೆ ಮಾಡಿಯೂ ನನಗೆ ಯಾರೂ ಹೇಳಿರಲಿಲ್ಲ.

ಪಕ್ಕದ ಪ್ರಯೋಗಾಲಯಕ್ಕೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಉದ್ದನೆಯ ಕಲ್ಲಿನ ಮೇಜು, ಅದರ ಮೇಲೆ ಕಿಟಕಿಯಾಚೆಯ ಮರದ ನೆರಳು ಅಲುಗಾಡುತ್ತಿತ್ತು. ಭಾವನ ಬಿಳಿ ಕೋಟು ಕುರ್ಚಿಯ ಬೆನ್ನಿಗೆ ತೂಗಿತ್ತು, ತೋಳು ಮಡಚಿದ್ದು ಮಡಚಿದಂತೆಯೇ. ನಮ್ಮಿಬ್ಬರಿಗೂ ಎಂದೂ ಸರಿಯಾಗಿ ಮಾತು ಕೂಡಿ ಬಂದದ್ದಿಲ್ಲ, ಆದರೂ ನಾನು ಹೋದಾಗಲೆಲ್ಲ ಕಿಟಕಿ ಪಕ್ಕದ ಮಂಚ ನನಗೇ ಬಿಟ್ಟುಕೊಡುವ ಮನುಷ್ಯ.

ಅವಳ ನೋಟ್‌ಬುಕ್ಕು ತೆಗೆದುಕೊಂಡು ಕೂತೆ. ಸಾಲು ಸಾಲು ಅಂಕಿ. ಅಂಕಿಗಳು ಕಣ್ಣೆದುರು ತೇಲತೊಡಗಿದವು, ಮೀನುಗಳ ಹಾಗೆ ಒಂದರ ಹಿಂದೆ ಒಂದು. ನಾನು ಓದುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದೆ. ಹಾಗೆ ನೋಡುತ್ತಿದ್ದುದರಿಂದಲೇ ಸಿಕ್ಕಿತೇನೋ. ಒಂದು ಗುಂಪು ಮೀನು ಎರಡು ಸಲ ಹಾದು ಹೋಯಿತು.

"ಅಲ್ಲಮ್ಮ, ನಿನ್ನ ಹುಳಗಳೇನು ಅವಳಿಜವಳಿಗಳಾ?"

"ಯಾಕ್ ಸಾರ್?"

"ಸೋಮವಾರದ ಕಂಟ್ರೋಲ್ ಓದ್ತೀನಿ. ಸೊನ್ನೆ ಬಿಂದು ಮೂರು ಎಂಟು ಆರು. ಆಮೇಲೆ ಮೂರು ಒಂಬತ್ತು ಒಂದು. ಆಮೇಲೆ ಮೂರು ಏಳು ಒಂಬತ್ತು. ಬುಧವಾರದ್ದೂ ಅದೇ. ಮೂರಕ್ಕೆ ಮೂರೂ."

ಅವಳು ಗಾಜಿನ ನಳಿಕೆಯೊಂದನ್ನು ಒರೆಸುತ್ತಿದ್ದಳು. ಒರೆಸಿದ್ದನ್ನೇ ಒರೆಸಿದಳು.

"ಬುಧವಾರ," ಅಂದೆ ಮತ್ತೆ. "ಮೇಷ್ಟ್ರು ಬಿದ್ದ ದಿನ."

"ಕಾಪಿ ಹೊಡೆದೆ," ಅಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ಹೊತ್ತು ಈ ಹುಡುಗಿಯ ಮಾತಿಗೆ ತಲೆದೂಗುತ್ತ ಕೂತಿದ್ದೆನಲ್ಲ ಎಂದು ನನ್ನ ಮೇಲೇ ಸಿಟ್ಟು. "ಪೊಲೀಸರು ಈ ಪುಸ್ತಕ ನೋಡಿದ್ರೆ ಏನಾಗುತ್ತೆ ಗೊತ್ತಾ? ಇಲ್ಲಿ ಸುಳ್ಳು ಬರೆದೋಳು ಎಲ್ಲ ಕಡೆ ಸುಳ್ಳು ಹೇಳ್ತಾಳೆ ಅಂತಾರೆ."

"ಗೊತ್ತು."

"ಮತ್ಯಾಕೆ?"

"ಕಂಟ್ರೋಲ್ ಬಿದ್ದೋಗಿತ್ತು ಸಾರ್. ಬುಧವಾರ ಎಲೆ ತಿಂದ ಹುಳಗಳನ್ನ ಗುರುವಾರ ಅರೆದು ಅಳೆದ್ರೆ, ಬರೀ ನೀರಿನ ಎಲೆ ತಿಂದವು ಎಲ್ಲಕ್ಕಿಂತ ಕೆಳಗೆ. ಅತಿ ಹೆಚ್ಚು ಬೆಳ್ಳಿ ತಿಂದವಕ್ಕಿಂತಲೂ ಕೆಳಗೆ. ಅಂಥಾ ಲೆಕ್ಕ ಯಾರು ನಂಬ್ತಾರೆ? ಕೈ ನಡುಗ್ತಿತ್ತು, ಕಣ್ಣಲ್ಲಿ ನೀರಿತ್ತು, ನಾನೇ ಏನೋ ಕೆಡಿಸಿದೀನಿ ಅಂದ್ಕೊಂಡೆ." ನಳಿಕೆ ಕೆಳಗಿಟ್ಟಳು. "ನಾಲ್ಕು ಸಲವೂ ಮೇಷ್ಟ್ರು 'ಮತ್ತೆ ಮಾಡು' ಅಂತ ವಾಪಸ್ ಕಳಿಸಿದ್ರು. ಐದನೇ ಸಲಾನೂ ಕೆಡ್ತು ಅಂತ ಹೇಗೆ ತೋರಿಸ್ಲಿ? ಅವರಿಗೆ ಎಚ್ಚರ ಆದಾಗ ಒಂದಾದ್ರೂ ಚೆಂದದ ಪುಟ ಇರ್ಲಿ ಅಂತ."

ಕಳ್ಳತನ ಮಾಡಿದವರು, ಮನೆಗೆ ಬೆಂಕಿ ಹಚ್ಚಿದವರು, ಗಂಡನನ್ನು ಬಾವಿಗೆ ತಳ್ಳಿದವರು, ಎಲ್ಲರ ತಪ್ಪೊಪ್ಪಿಗೆ ಕೇಳಿದ್ದೇನೆ. ಯಾರೂ ಇಷ್ಟು ನಾಚಿಕೊಂಡದ್ದನ್ನು ನೋಡಿರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಅರೆದದ್ದು ಉಳಿದಿದೆಯಾ, ಎಸೆದೆಯಾ?"

"ಫ್ರೀಜರಿನಲ್ಲಿದೆ. ಮೇಷ್ಟ್ರು ಏನನ್ನೂ ಎಸೆಯೋಕೆ ಬಿಡಲ್ಲ."

"ತೆಗಿ. ನನ್ನೆದುರು ಇನ್ನೊಂದ್ಸಲ ಅಳೆದು ತೋರಿಸು."

ಅವಳು ಬೇಗ ಬೇಗ ಕೆಲಸಕ್ಕಿಳಿದಳು. ಪುಟ್ಟ ಪುಟ್ಟ ಟ್ಯೂಬುಗಳು ಐಸಿನಲ್ಲಿ ಕೂತವು. ಒಂದೊಂದಕ್ಕೂ ಒಂದು ಹನಿ ಇದು, ಎರಡು ಹನಿ ಅದು. ಕಿಣ್ವ ಬದುಕಿದ್ದರೆ ಹಳದಿ ಬಣ್ಣ ಬರುತ್ತದೆ, ಸತ್ತಿದ್ದರೆ ಬರುವುದಿಲ್ಲ, ಅಷ್ಟೇ ಎಂದಳು. ಯಂತ್ರ ಅಂಕಿ ಕೊಡುವ ಮೊದಲೇ ಬರಿಗಣ್ಣಿಗೆ ಗೊತ್ತಾಗುತ್ತದಂತೆ.

ಮೇಜಿನ ಮೇಲೆ ಎಲೆಗಳ ನೆರಳು ಹೋಗಿ ಬಂದು ಮಾಡುತ್ತಿತ್ತು. ಎರಡು ನಿಮಿಷ ಅಂದಿದ್ದಳು. ಆ ಎರಡು ನಿಮಿಷದಲ್ಲಿ ನನಗೆ ಕಣ್ಣು ಮುಚ್ಚಿ ಹೋಗಿರಬೇಕು. ಕಣ್ಣು ಬಿಟ್ಟಾಗ ಕಡಿಮೆ ಬೆಳ್ಳಿಯ ಟ್ಯೂಬು ಒಳ್ಳೆಯ ಹಳದಿಯಾಗಿತ್ತು, ಮಧ್ಯಮದ್ದು ಸ್ವಲ್ಪ ತಿಳಿ, ಹೆಚ್ಚಿನದು ಇನ್ನೂ ತಿಳಿ. ನಾಲ್ಕನೆಯದು ನೀರು ನೀರಾಗಿಯೇ ಇತ್ತು.

"ನೀನು ಕೆಡಿಸಿರಲಿಲ್ಲ," ಅಂದೆ.

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು.

"ಇದನ್ನು ಬೆಳ್ಳಿ ಮಾಡೋಕೆ ಸಾಧ್ಯವಾ?"

"ಇಲ್ಲ. ಇಷ್ಟು ಪೂರ್ತಿ ಹೋಗ್ಬೇಕಾದ್ರೆ ಕೀಟನಾಶಕವೇ. ಆದ್ರೆ ಕಂಟ್ರೋಲಿಗೆ ನಾನು ಹಾಕಿದ್ದು ಬರೀ ನೀರು."

"ಬೇರೆ ಟ್ರೇಗಳಿಗೂ ಅದೇ ನೀರಲ್ವಾ?"

"ಅಲ್ಲ. ಬೆಳ್ಳಿ ನೀರನ್ನ ತಿಂಗಳ ಮೊದಲಲ್ಲೇ ಒಟ್ಟಿಗೆ ಮಾಡಿಟ್ಟಿದ್ದು. ಕಂಟ್ರೋಲ್ ನೀರು ಮಾತ್ರ ಆಯಾ ದಿನದ್ದು."

"ಬುಧವಾರದ ನೀರು ಎಲ್ಲಿಂದ ತಂದೆ?"

ಅಂಕಿ ಕದ್ದದ್ದನ್ನು ಒಪ್ಪಿಕೊಳ್ಳುವಾಗಲೂ ಅವಳು ದನಿ ಇಷ್ಟು ತಗ್ಗಿಸಿರಲಿಲ್ಲ.

"ಯಾರಿಗೂ ಹೇಳ್ಬೇಡಿ ಸಾರ್. ಮಂಗಳವಾರ ಬಟ್ಟಿ ಇಳಿಸೋ ಯಂತ್ರ ಕೆಟ್ಟಿತ್ತು. ಶುದ್ಧ ನೀರು ಒಂದು ಹನಿ ಇರ್ಲಿಲ್ಲ. ನಲ್ಲಿ ನೀರು ಹಾಕಿದ್ರೆ ಅದರಲ್ಲಿ ಏನೇನಿರುತ್ತೋ. ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಮೇಷ್ಟ್ರು ಬಂದು, ಚೀಲದಿಂದ ಕುಡಿಯೋ ನೀರಿನ ಬಾಟಲಿ ತೆಗೆದು ಇಲ್ಲಿಟ್ಟು, ಮುಚ್ಚಳಾನೂ ತೆಗೀದೆ ಪಾಠಕ್ಕೆ ಹೋದ್ರು. ಅವರು ಹೋದ ತಕ್ಷಣ ಅದರಿಂದ ಒಂದು ಬಟ್ಟಲು ಬಗ್ಗಿಸಿಕೊಂಡೆ."

ಗೋಡೆಯಾಚೆ ಹುಳುಗಳು ಎಲೆ ಮೆಲ್ಲುವುದು ಇಲ್ಲಿಗೂ ಕೇಳುತ್ತಿದೆ ಎಂದು ನನಗೆ ಭ್ರಮೆ.

ವಿಷಯ ಹಗಲಿನಷ್ಟು ಸ್ಪಷ್ಟವಾಗಿತ್ತು. ಆ ನೀರಿನಲ್ಲಿ ವಿಷವಿದೆ ಎಂದು ಗೊತ್ತಿದ್ದವಳು ನಾಲ್ಕು ವರ್ಷದ ದುಡಿಮೆಯನ್ನು ತಾನೇ ಅದರಲ್ಲಿ ಅದ್ದುವುದಿಲ್ಲ. ಹುಡುಗಿ ಬಚಾವಾದಳು. ನನಗೆ ಸಂತೋಷವಾಯಿತು. ಆ ಸಂತೋಷ ಮುಗಿಯುವಷ್ಟರಲ್ಲೇ ಇನ್ನೊಂದು ಹೊಳೆಯಿತು. ಬಾಟಲಿ ನೇರ ಚೀಲದಿಂದ ಬಂದದ್ದು. ಚೀಲ ಬಂದದ್ದು ಮನೆಯಿಂದ. ಆ ಮನೆಯಲ್ಲಿ ಭಾವನನ್ನು ಬಿಟ್ಟರೆ ಇದ್ದದ್ದು ಇಬ್ಬರೇ, ಅಕ್ಕ ಮತ್ತು ನಾನು.

"ಸಾರ್," ಅಂದಳು ಹುಳದಮ್ಮ. "ಸ್ವಲ್ಪ ಕಿಟಕಿ ಕಡೆ ತಿರುಗಿ."

ತಿರುಗಿದೆ. ಅವಳು ನನ್ನ ಕಣ್ಣೊಳಗೆ ನೋಡಿದಳು, ಹುಳವನ್ನು ನೋಡುವ ಹಾಗೆ.

"ಕೆಂಪು ದೀಪದ ಕೋಣೆಯಲ್ಲಿ ಎಲ್ಲರಿಗೂ ಐದು ನಿಮಿಷದಲ್ಲಿ ಕಣ್ಣು ಹೊಂದಿಕೊಳ್ಳುತ್ತೆ. ನೀವು ಕೊನೇವರೆಗೂ ಗೋಡೆ ತಡಕ್ತಿದ್ರಿ. ನಿಮ್ಮ ಕಣ್ಣಿನ ಪಾಪೆ ಸೂಜಿಮೊನೆಯಷ್ಟಿದೆ. ಬೆವರ್ತಾ ಇದೀರಿ. ಆಗಾಗ ಮಂಪರು. ನೀವು ಯಾವ ನೀರು ಕುಡೀತೀರಿ?"

ಬೆರಳು ಮುಂದೆ ಮಾಡಿದೆ.

ಮೊದಲು ಅವಳು ತನ್ನ ಬೆರಳಿಗೇ ಸೂಜಿ ಚುಚ್ಚಿಕೊಂಡಳು. "ಇದು ಕಂಟ್ರೋಲ್," ಅಂದಳು. ಆಮೇಲೆ ನನ್ನದು. ಹನಿ ರಕ್ತವನ್ನು ಬಹಳಷ್ಟು ನೀರಿಗೆ ಹಾಕಿ, ಅದರಿಂದ ಒಂದಿಷ್ಟು ತೆಗೆದು ಮತ್ತೆ ಅದೇ ಹನಿಗಳ ಲೆಕ್ಕ. ಎರಡು ಟ್ಯೂಬು ಪಕ್ಕಪಕ್ಕ ನಿಂತವು.

ಅವಳದು ಹಳದಿಗೆ ತಿರುಗಿತು. ನನ್ನದು ನಸುಗೆಂಪಾಗಿಯೇ ಉಳಿಯಿತು. ಬಹಳ ಹೊತ್ತಿನ ಮೇಲೆ, ಬರಲೋ ಬೇಡವೋ ಎನ್ನುವ ಹಾಗೆ ಅಂಚಿನಲ್ಲಿ ಕೊಂಚ ಬಣ್ಣ ಬಂತು.

"ಇನ್ನೊಂದ್ಸಲ ಮಾಡು," ಅಂದೆ. ಭಾವನೂ ಇವಳಿಗೆ ಇದನ್ನೇ ಹೇಳುತ್ತಿದ್ದರಲ್ಲ ಎಂದು ಆ ಹೊತ್ತಲ್ಲೂ ನಗು ಬಂತು.

ಇನ್ನೊಂದು ಸಲವೂ ಅಷ್ಟೇ.

"ಮೇಷ್ಟ್ರಿಗೆ ಒಂದೇ ದಿನ ಹೆಚ್ಚು ಬಿದ್ದಿದೆ," ಅಂದಳು. "ನಿಮಗೆ ದಿನಾ ಸ್ವಲ್ಪ ಸ್ವಲ್ಪ. ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು ಸಾರ್. ಮುರಿಯೋ ಔಷಧಿ ಇದೆ."

ಆಗ ನಾನು ಹೆದರಿದ್ದು ನನಗಾಗಿ ಅಲ್ಲ. ಅಕ್ಕ. ಆ ಮನೆಯಲ್ಲಿ ಹಗಲೂ ರಾತ್ರಿ ಇರುವವಳು ಅವಳು. ನಾನು ಒಂದು ಲೋಟ ಕುಡಿದರೆ ಅವಳು ಎರಡು ಕುಡಿದಿರುತ್ತಾಳೆ. ಗಂಡ ಆಸ್ಪತ್ರೆಯಲ್ಲಿ, ತಮ್ಮನಿಗೆ ಹೀಗೆ, ಇವಳೊಬ್ಬಳು ಯಾರ ಮುಂದೆಯೂ ಹೇಳಿಕೊಳ್ಳದೆ ಎಲ್ಲೋ ಕುಸಿದು ಕೂತಿದ್ದರೆ? ನನಗೆ ಏಳು ವರ್ಷವಿದ್ದಾಗ ಅಮ್ಮ ತೀರಿಕೊಂಡಳು. ಹದಿನೇಳರ ಅಕ್ಕ ಓದು ಬಿಟ್ಟು ನನ್ನನ್ನು ಸಾಕಿದಳು. ನನ್ನ ತಲೆ ಬಾಚಿ, ಉಗುರು ಕತ್ತರಿಸಿ, ಜ್ವರ ಬಂದಾಗ ಪಕ್ಕದಲ್ಲಿ ಕೂತೇ ಬೆಳಗು ಮಾಡಿ. ಐವತ್ತೆರಡು ವರ್ಷದ ನನ್ನನ್ನು ಈ ಲೋಕದಲ್ಲಿ ಇನ್ನೂ 'ಮರಿ' ಎಂದು ಕರೆಯುವವಳು ಅವಳೊಬ್ಬಳೇ.

ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಅವಳ ಫೋನು ರಿಂಗಾಗುವ ಸದ್ದು ಕಾರಿಡಾರಿನಲ್ಲೇ ಕೇಳಿಸಿತು.

ಬಾಗಿಲಲ್ಲಿ ಇನ್‌ಸ್ಪೆಕ್ಟರ್ ನಿಂತಿದ್ದರು, ಕರ್ಚೀಫು ಮೂಗಿಗೆ ಒತ್ತಿಕೊಂಡು. ಇಪ್ಪತ್ತು ನಿಮಿಷ ಮೊದಲೇ ಬಂದಿದ್ದರು. ಅವರ ಹಿಂದೆ ಅಕ್ಕ.

"ಇಲ್ಲೇ ಇದೀನಲ್ಲ ಮರಿ, ಯಾಕೆ ಒಂದೇ ಸಮ ಫೋನ್ ಮಾಡ್ತಿದೀಯ?" ಅಂದಳು. "ಅವರ ಮೇಜಿನ ಡ್ರಾಯರ್ ತೆಗೀಬೇಕಂತೆ, ಕೀಲಿ ತಗೊಂಡು ಬನ್ನಿ ಅಂದ್ರು ಇವರು. ಯಾವುದು ಅಂತ ನನಗೇನು ಗೊತ್ತು? ಮೂವತ್ತು ವರ್ಷ ನಿಮ್ಮ ಭಾವ ಸಂಸಾರ ಮಾಡಿದ್ದು ಹುಳಗಳ ಜೊತೆ. ಇಡೀ ಗೊಂಚಲೇ ತಂದೆ."

ಕೀಲಿಗೊಂಚಲು ಮೇಜಿನ ಮೇಲಿಟ್ಟಳು. ಅವಳ ಮುಖ ಬಾಡಿತ್ತು, ಆದರೆ ಹಣೆಯಲ್ಲಿ ಬೆವರಿರಲಿಲ್ಲ.

"ಏನ್ ಸ್ವಾಮಿ, ಟ್ಯೂಬು ಗೀಬು ಇಟ್ಕೊಂಡು ಕೂತಿದೀರಿ," ಅಂದರು ಇನ್‌ಸ್ಪೆಕ್ಟರ್. "ನನಗೆ ನೆಗಡಿ, ಮೊದಲೇ ತಲೆ ಓಡ್ತಿಲ್ಲ. ಒಂದೇ ಮಾತಲ್ಲಿ ಹೇಳಿಬಿಡಿ."

"ಈ ಹುಡುಗಿ ಅಲ್ಲ. ವಿಷ ಇಲ್ಲಿ ಬೆರೆತಿದ್ದಲ್ಲ, ಮನೆಯಿಂದ ಬಂದ ನೀರಲ್ಲೇ ಇತ್ತು. ನನ್ನ ಮೈಯಲ್ಲೂ ಇದೆ."

ಅಕ್ಕ ಬಂದು ನನ್ನ ಹಣೆ ಮುಟ್ಟಿ ನೋಡಿದಳು, ಜ್ವರ ನೋಡುವ ಹಾಗೆ. "ಏನೇನೋ ಹೇಳ್ತಿದೀಯಲ್ಲೋ. ಮನೇಲಿ ನಾವು ಮೂರೂ ಜನ ಕುಡಿಯೋದು ಒಂದೇ ಕೊಡದ ನೀರು. ನಾನೇ ತುಂಬಿಸಿಡೋದು. ಅದರಲ್ಲಿ ವಿಷ ಇದ್ದಿದ್ರೆ ಎಲ್ಲರಿಗಿಂತ ಮೊದಲು ನಾನು ಮಲಗಬೇಕಿತ್ತಲ್ಲ."

ಹುಳದಮ್ಮ ಆ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳ ಕಣ್ಣು ಕೀಲಿಗೊಂಚಲಿನ ಮೇಲಿತ್ತು.

"ಆ ಚಿಕ್ಕದು," ಅಂದಳು ಮೆಲ್ಲಗೆ, "ಕೀಟನಾಶಕದ ಬೀರುವಿನದು. ಅದಕ್ಕೆ ಇರೋದೇ ಒಂದು ಕೀಲಿ, ಅದು ನನ್ನ ಹತ್ರ ಇದೆ ಅಂದ್ಕೊಂಡಿದ್ದೆ."

ಇನ್‌ಸ್ಪೆಕ್ಟರ್ ಕರ್ಚೀಫು ಜೇಬಿಗಿಟ್ಟರು.

"ಅವರ ಗೊಂಚಲಮ್ಮ ಅದು," ಅಂದಳು ಅಕ್ಕ. "ಯಾವುದು ಯಾತರದ್ದೋ, ಅವರನ್ನೇ ಕೇಳ್ಬೇಕು."

ಸರಿಯಾದ ಮಾತೇ. ಭಾವನ ಕೀಲಿ ಭಾವನ ಗೊಂಚಲಿನಲ್ಲಿರದೆ ಇನ್ನೆಲ್ಲಿರಬೇಕು? ನಾನು ಹಾಗೆಂದು ಜೋರಾಗಿಯೇ ಹೇಳಿದೆ. ಇನ್‌ಸ್ಪೆಕ್ಟರ್ ಗೊಂಚಲನ್ನು ತಮ್ಮ ಕಡೆ ಎಳೆದುಕೊಂಡರು.

"ಅಮ್ಮ," ಅಂದಳು ಹುಳದಮ್ಮ, "ನಿಮ್ಮ ಬೆರಳೂ ಕೊಡಿ. ಅದೇ ನೀರು ಕುಡಿದಿದ್ರೆ ನಿಮಗೂ ಈಗ್ಲೇ ಔಷಧಿ ಆಗ್ಬೇಕು. ಒಂದೇ ಹನಿ ಸಾಕು."

ಅಕ್ಕ ನನ್ನ ಮುಖ ನೋಡಿದಳು. "ಕೊಡ್ಲಾ ಮರಿ?"

"ಕೊಡಕ್ಕ."

ಅವಳು ಒಂದು ಕೈಯಲ್ಲಿ ನನ್ನ ಕೈ ಹಿಡಿದುಕೊಂಡು, ಇನ್ನೊಂದನ್ನು ಹುಡುಗಿಯ ಕಡೆ ಚಾಚಿದಳು. ಸೂಜಿ ಚುಚ್ಚಿದಾಗ ಮುಖ ಆ ಕಡೆ ತಿರುಗಿಸಿಕೊಂಡಳು. ಚಿಕ್ಕಂದಿನಲ್ಲಿ ನನಗೆ ಸೂಜಿ ಚುಚ್ಚುವಾಗಲೂ ಅವಳೇ ಆ ಕಡೆ ತಿರುಗುತ್ತಿದ್ದಳು.

ಅವಳ ಟ್ಯೂಬು ನನ್ನದರ ಪಕ್ಕ ನಿಂತಿತು.

ಎರಡು ನಿಮಿಷ. ಹೊರಗೆ ಗಾಳಿ ಬಿಟ್ಟಿತ್ತು, ನೆರಳುಗಳು ಮೇಜಿನುದ್ದಕ್ಕೂ ಓಡಾಡುತ್ತಿದ್ದವು. ಇನ್‌ಸ್ಪೆಕ್ಟರ್ ಉಸಿರಾಡುವುದು ಕೇಳುತ್ತಿತ್ತು. ಈ ಸಲ ನನಗೆ ಜೊಂಪು ಹತ್ತಲಿಲ್ಲ.

ಆಗ ನಾನು ಬೇಡಿಕೊಂಡದ್ದೇನೆಂದು ಹೇಳಲು ನಾಚಿಕೆಯಾಗುತ್ತದೆ. ನನ್ನನ್ನು ಸಾಕಿದವಳ ಮೈಯಲ್ಲಿ ವಿಷವಿರಲಿ ಎಂದು ಬೇಡಿಕೊಂಡೆ. ವಿಷವಿದ್ದರೆ ಔಷಧಿಯಿದೆ, ಆಸ್ಪತ್ರೆಯಿದೆ. ನಮ್ಮಿಬ್ಬರನ್ನೂ ಪಕ್ಕಪಕ್ಕ ಮಲಗಿಸುತ್ತಾರೆ, ಅವಳು ಅಲ್ಲೂ ನನ್ನನ್ನು ಬೈಯುತ್ತಾಳೆ, ಹೊರಗಿನ ಯಾರೋ ಪಾಪಿಯನ್ನು ನಾನು ಹುಡುಕಿ ಹಿಡಿಯುತ್ತೇನೆ. ಬಣ್ಣ ಬಾರದಿರಲಿ. ಇದೊಂದು ಸಲ ಬಾರದಿರಲಿ.

ಟ್ಯೂಬಿನ ತಳದಲ್ಲಿ ಮೊದಲು ರಕ್ತದ ನಸುಗೆಂಪು ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಒಂದು ಎಳೆ. ಆಮೇಲೆ ಇಡೀ ಟ್ಯೂಬು ಹಳದಿಯಾಯಿತು, ಹುಡುಗಿಯದಕ್ಕಿಂತಲೂ ಗಾಢವಾಗಿ.

ಹುಳದಮ್ಮ ತಲೆ ತಗ್ಗಿಸಿದಳು. ಇನ್‌ಸ್ಪೆಕ್ಟರ್ ನನ್ನನ್ನು ನೋಡಿದರು.

"ಹಳದಿ ಅಂದ್ರೆ ಒಳ್ಳೇದು ತಾನೆ ಮರಿ?" ಅಂದಳು ಅಕ್ಕ, ಇನ್ನೂ ನನ್ನ ಕೈ ಹಿಡಿದುಕೊಂಡೇ.